ರಾಶಿ, ಕಸಬರಿಗೆ ಮತ್ತು ಒಂದು ಅಂಕ

ಮೊದಲಿಗೇ ಒಂದು ತಪ್ಪೊಪ್ಪಿಗೆ. ಮೂವತ್ತೆರಡು ವರ್ಷಗಳ ಕಾಲ ಕಪ್ಪುಹಲಗೆಯ ಮುಂದೆ ನಿಂತು, ಪ್ರತಿ ಗಾಂಧಿ ಜಯಂತಿಯಂದು ಮದ್ಯಪಾನದ ಕೆಡುಕುಗಳನ್ನು ಕುರಿತು ತಪ್ಪದೆ ಭಾಷಣ ಮಾಡಿದ ನಾನು, ನಿವೃತ್ತಿಯ ತರುವಾಯ ತಿಂಗಳಿಗೊಮ್ಮೆ ಒಂದು ಗ್ಲಾಸು ಬಿಯರ್ ಕುಡಿಯುತ್ತೇನೆ. ಒಂದೇ ಗ್ಲಾಸು. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನೋದಿ ನಗಬಹುದು. ನೆಂಟರಿಷ್ಟರಲ್ಲಿ ಕೆಲವರು ಹುಬ್ಬೇರಿಸಬಹುದು. ಮನೆಯಾಕೆಗೆ ಮಾತ್ರ ಈ ವಿಷಯ ಮೊದಲಿನಿಂದಲೂ ಗೊತ್ತು. "ಒಂದು ಗ್ಲಾಸಿನಿಂದ ಯಾರೂ ಕುಡುಕರಾಗುವುದಿಲ್ಲ" ಎಂದು ನಾನು ಸಮರ್ಥಿಸಿಕೊಂಡಾಗ ಅವಳು, "ಎಲ್ಲ ಕುಡುಕರೂ ಒಂದೊಂದೇ ಗ್ಲಾಸು ಕುಡಿದು ಆದವರೇ ಅಲ್ಲವೇ?" ಎಂದಿದ್ದಳು. ಆ ಮಾತು ಎರಡು ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯದಾದ ಒಂದು ಒಗಟಿನ ಸಾರವೆಂಬುದು ಅವಳಿಗೂ ಗೊತ್ತಿರಲಿಲ್ಲ, ಆಗ ನನಗೂ ಹೊಳೆದಿರಲಿಲ್ಲ.

ನಾವು ನಾಲ್ವರು ಗೆಳೆಯರು. ಒಬ್ಬ ನನ್ನ ಬಾಲ್ಯದ ಸಹಪಾಠಿ, ಸಿರಿಗೇರಿಯಲ್ಲೇ ಉಳಿದು ಒಕ್ಕಲುತನ ಮಾಡಿದವನು. ನಾನು ಅವನನ್ನು ಗೌಡ ಎನ್ನುತ್ತೇನೆ, ಅವನು ನನ್ನನ್ನು "ಲೇ ಮಾಸ್ತರ" ಎನ್ನುತ್ತಾನೆ. ಇನ್ನೊಬ್ಬರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಬಿಯರ್ ತರುವ ಖರ್ಚೂ ಹೊಣೆಯೂ ಅವರದೇ. ಮೂರನೆಯವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಊರಿಗೆಲ್ಲ ಕಂಡಕ್ಟರ್ ಮಾವ. ಅವರು ಬಿಯರ್ ಮುಟ್ಟುವುದಿಲ್ಲ, ಆದರೆ ನಾವು ತಂದ ಮಂಡಕ್ಕಿ ಒಗ್ಗರಣೆ, ಮಿರ್ಚಿಗಳಿಗೆ ಪೂರ್ಣ ನ್ಯಾಯ ಒದಗಿಸುತ್ತಾರೆ. ಗೌಡನ ಹೊಲದ ಪಂಪ್‌ಸೆಟ್ ಮನೆಯ ಮುಂದಿನ ಬೇವಿನ ಮರದ ಕೆಳಗೆ ಎರಡು ಹೊರಸುಗಳು. ಅದೇ ನಮ್ಮ ಸಭಾಮಂಟಪ.

ಆರಂಭದಲ್ಲಿ ರಾಜಕೀಯ ಮಾತಾಡುತ್ತಿದ್ದೆವು. ಎರಡು ಸಲ ಜಗಳವಾಯಿತು. ಮೂರನೆಯ ಸಲ ಬ್ಯಾಂಕಿನವರು, "ರಾಜಕೀಯ ಬೇಡ, ಯಾರಿಗೂ ಲಾಭವೂ ನಷ್ಟವೂ ಇಲ್ಲದ ವಿಷಯ ತೆಗೆಯಿರಿ ಮೇಷ್ಟ್ರೇ" ಎಂದರು. ನಾನು ತತ್ತ್ವಶಾಸ್ತ್ರದ ಒಗಟುಗಳನ್ನು ತೆಗೆದೆ. ಗಣಿತದ ಮೇಷ್ಟರಾದ ನನಗೆ ಅವುಗಳ ಹುಚ್ಚು ಮೊದಲಿನಿಂದಲೂ ಉಂಟು. ಜತೆಗೆ ಒಂದು ಸಮರ್ಥನೆಯೂ ಸಿಕ್ಕಿತು. ನಾವು 'ವಿಚಾರ ಸಂಕಿರಣ' ಎಂದು ಗಂಭೀರವಾಗಿ ಅನುವಾದಿಸುವ 'ಸಿಂಪೋಸಿಯಂ' ಎಂಬ ಗ್ರೀಕ್ ಮೂಲದ ಶಬ್ದಕ್ಕೆ ಇರುವ ಅರ್ಥ 'ಕೂಡಿ ಕುಡಿಯುವುದು' ಎಂದು! ಪ್ಲೇಟೋ ಅದೇ ಹೆಸರಿನ ಒಂದು ಗ್ರಂಥವನ್ನೇ ಬರೆದಿದ್ದಾನೆ. ಇದನ್ನು ಕೇಳಿದ ದಿನ ಬ್ಯಾಂಕಿನವರು ಎಷ್ಟು ಸಂತೋಷಪಟ್ಟರೆಂದರೆ, ಅಂದಿನಿಂದ ಮನೆಯಲ್ಲಿ "ವಿಚಾರ ಸಂಕಿರಣಕ್ಕೆ ಹೋಗಿ ಬರುತ್ತೇನೆ" ಎಂದೇ ಹೇಳಿ ಹೊರಡುತ್ತಾರೆ.

ಮೊದಲ ಸಂಜೆ ಎಲಿಯಾ ಪಟ್ಟಣದ ಝೀನೋನನ್ನು ಕರೆತಂದೆ. ಕ್ರಿಸ್ತಪೂರ್ವ ಐದನೆಯ ಶತಮಾನದವನು. ನೀವು ಒಂದು ಊರಿಗೆ ಹೋಗಬೇಕಾದರೆ ಮೊದಲು ಅರ್ಧ ದಾರಿ ಸಾಗಬೇಕು. ಉಳಿದುದರಲ್ಲಿ ಮತ್ತೆ ಅರ್ಧ. ಅದರಲ್ಲಿ ಉಳಿದುದರಲ್ಲಿ ಮತ್ತೂ ಅರ್ಧ. ಹೀಗೆ ಅರ್ಧಗಳು ಮುಗಿಯುವುದೇ ಇಲ್ಲವಾದ್ದರಿಂದ ನೀವು ಊರು ಸೇರುವುದೂ ಇಲ್ಲ ಎಂಬುದು ಅವನ ವಾದ. ಕಂಡಕ್ಟರ್ ಮಾವ, "ನಮ್ಮ ಬಸ್ಸು ಸಿರುಗುಪ್ಪಕ್ಕೆ ಯಾಕ ತಡ ಆಗ್ತಿತ್ತು ಅಂತ ಈಗ ತಿಳೀತು ನೋಡ್ರಿ" ಎಂದರು. ನಾನು ಮಾತ್ರ ನೆಲದ ಮೇಲೆ ಕಡ್ಡಿಯಿಂದ ಅರ್ಧ, ಕಾಲು, ಅರೆಕಾಲು ಎಂದು ಬರೆದು, ಕೊನೆಯಿಲ್ಲದ ಆ ಸಾಲಿನ ಒಟ್ಟು ಮೊತ್ತ ಸರಿಯಾಗಿ ಒಂದೇ ಆಗುತ್ತದೆಂದು ತೋರಿಸಿ, ಒಗಟನ್ನು ಗಣಿತ ಗೆದ್ದಿತೆಂದು ಬೀಗಿದೆ. ಆ ಬೀಗು ಮುಂದೆ ಇಳಿಯಿತು. ಆ ಮಾತು ಆಮೇಲೆ.

ಎರಡನೆಯ ಒಗಟು ಥೀಸಿಯಸ್ಸನ ಹಡಗು. ಅಥೆನ್ಸಿನವರು ಆ ಹಡಗನ್ನು ಕಾಪಾಡಿಕೊಂಡು ಬಂದರಂತೆ. ಹಲಗೆ ಕೊಳೆತಂತೆ ಹೊಸ ಹಲಗೆ ಹಾಕಿದರಂತೆ. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಹಳೆಯ ಹಡಗೋ, ಹೊಸದೋ? ಇದನ್ನು ದಾಖಲಿಸಿದವನು ಪ್ಲೂಟಾರ್ಕ್. ಕಳಚಿದ ಹಳೆಯ ಹಲಗೆಗಳನ್ನೆಲ್ಲ ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದೆಂದು ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದನ್ನು ಮತ್ತಷ್ಟು ಗೋಜಲುಗೊಳಿಸಿದ. ನಮ್ಮವರೇನೂ ಹಿಂದೆ ಬಿದ್ದಿಲ್ಲ. ಪಾಲಿ ಭಾಷೆಯ 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನ, ಗ್ರೀಕ್ ಮೂಲದ ಅರಸ ಮಿಲಿಂದನಿಗೆ ಇದೇ ಬಗೆಯ ಪ್ರಶ್ನೆ ಹಾಕುತ್ತಾನೆ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲವೆಂದಾದರೆ ರಥವೆಲ್ಲಿ? ಬೇತಾಳನ ಕಥೆಯ ತಲೆ ಬದಲಾದವರ ಒಗಟೂ ಇದರ ನೆಂಟನೇ. ಗಿರೀಶ ಕಾರ್ನಾಡರು ಅದನ್ನೇ ಮರುಯೋಚಿಸಿ 1971ರಲ್ಲಿ 'ಹಯವದನ' ನಾಟಕವಾಗಿಸಿದರು.

ನಮಗೆ ಹಡಗು ಬೇಡವಾಯಿತು, ತುಂಗಭದ್ರಾ ಅಣೆಕಟ್ಟೇ ಸಾಕಾಯಿತು. 1953ರಲ್ಲಿ ಪೂರ್ಣಗೊಂಡ ಆ ಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಈ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆಯಿರಲಿಲ್ಲವೆಂಬುದನ್ನು ಇಲ್ಲಿಯವರೇ ಬಲ್ಲರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರುಳಿಸಿದರು. ಮುಂದೆ ಮೂವತ್ತಮೂರೂ ಗೇಟುಗಳನ್ನು ಬದಲಿಸುವುದೆಂದು ನಿರ್ಧಾರವಾಯಿತು. ಆ ಕೆಲಸದ ಸಲುವಾಗಿ 2025-26ರ ಎರಡನೆಯ ಬೆಳೆಗೆ ನೀರಿಲ್ಲವೆಂದೂ ಆಯಿತು. "ಎಲ್ಲ ಗೇಟೂ ಹೊಸವಾದರೆ ಅದು ಅದೇ ಡ್ಯಾಮೋ, ಬೇರೆಯೋ?" ಎಂದೆ. ಬ್ಯಾಂಕಿನವರು ನಮ್ಮ ಬಳ್ಳಾರಿ ಜಿಲ್ಲೆಯನ್ನೇ ಎಳೆದು ತಂದರು. 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರಿಗೆ ಬರುವಾಗ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟು ಬಂತು. 2021ರಲ್ಲಿ ಹೊಸಪೇಟೆ, ಹಂಪಿಗಳೆಲ್ಲ ವಿಜಯನಗರ ಜಿಲ್ಲೆಗೆ ಹೋದವು. ಆದರೂ ಬಳ್ಳಾರಿ ಬಳ್ಳಾರಿಯೇ! ಗೌಡನ ಉತ್ತರ ಚಿಕ್ಕದಾಗಿತ್ತು: "ಕಾಲುವಿಗೆ ನೀರು ಬಂದ್ರ ಅದ ಡ್ಯಾಮು. ಬರದಿದ್ರ ಗೇಟು ಹಳೇವಿದ್ದರೂ ನನಗ ಅದು ಡ್ಯಾಮಲ್ಲ."

ನಾವು ನಕ್ಕೆವು. ಅದು ಉತ್ತರವಲ್ಲ, ಹಾರಿಕೆ ಎಂದೆ ನಾನು. ಈಗ ಹಾಗೆನ್ನಲಾರೆ.

ಇನ್ನು ಈ ಬರಹಕ್ಕೆ ಕಾರಣವಾದ ಸಂಜೆಯ ಮಾತು. ಮುಂಗಾರಿನ ಭತ್ತ ಕೊಯ್ಲಾಗಿತ್ತು. ನಮ್ಮ ಬಾಲ್ಯದ ಕಣ, ಎತ್ತು, ತೂರುವ ಮೊರ ಈಗಿಲ್ಲ. ಕಟಾವು ಯಂತ್ರ ಹೊಲಕ್ಕಿಳಿದರೆ ಗಂಟೆಗಳಲ್ಲಿ ಕಾಳು ಟ್ರ್ಯಾಕ್ಟರಿಗೆ ಬೀಳುತ್ತದೆ. ಗೌಡ ಭತ್ತವನ್ನು ತಾಡಪಾಲಿನ ಮೇಲೆ ಒಣಗಿಸಿ ಪಂಪ್‌ಸೆಟ್ ಮನೆಯ ಪಕ್ಕದಲ್ಲೇ ರಾಶಿ ಹಾಕಿದ್ದ. ಮಾರನೆಯ ದಿನ ಲಾರಿ ಬರುವುದಿತ್ತು. ತೂಕ ಮಾಡಿ ಚೀಲ ತುಂಬುವ ಹಮಾಲರು ಅಂದು ಸಂಜೆಯೇ ಕೆಲಸ ಹಿಡಿದಿದ್ದರು. ಇಳಿಬಿಸಿಲಿಗೆ ರಾಶಿ ಬಂಗಾರದ ಗುಡ್ಡದಂತೆ ಕಾಣುತ್ತಿತ್ತು. ಅದನ್ನು ನೋಡಿದ ನನಗೆ ಯೂಬ್ಯುಲೈಡಿಸ್ ನೆನಪಾದ.

ಮಿಲೀಟಸ್ ಪಟ್ಟಣದ ಈ ತಾರ್ಕಿಕ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದವನು. "ನಾನು ಹೇಳುತ್ತಿರುವುದು ಸುಳ್ಳು" ಎಂಬ ಪ್ರಸಿದ್ಧ ಒಗಟನ್ನೂ ಅವನ ಹೆಸರಿಗೇ ಹೇಳುತ್ತಾರೆ. ಅವನ ಇನ್ನೊಂದು ಒಗಟಿನ ಹೆಸರೇ 'ರಾಶಿ'. ಒಂದು ಕಾಳು ರಾಶಿಯಲ್ಲ. ಅದಕ್ಕೆ ಇನ್ನೊಂದು ಕಾಳು ಸೇರಿಸಿದರೂ ರಾಶಿಯಲ್ಲ. ರಾಶಿಯಲ್ಲದ್ದಕ್ಕೆ ಒಂದೇ ಒಂದು ಕಾಳು ಸೇರಿಸಿದ ಮಾತ್ರಕ್ಕೆ ಅದು ರಾಶಿಯಾಗುವುದಿಲ್ಲವೆಂದು ನೀವು ಒಪ್ಪಿದರೆ, ಎಷ್ಟು ಸೇರಿಸಿದರೂ ರಾಶಿಯಾಗಬಾರದು. ಹಾಗೆಯೇ ಹಿಂದಿನಿಂದ ಬನ್ನಿ. ರಾಶಿಯಿಂದ ಒಂದು ಕಾಳು ತೆಗೆದರೆ ರಾಶಿ ಕೆಡುವುದಿಲ್ಲ. ಇನ್ನೊಂದು ತೆಗೆದರೂ ಕೆಡುವುದಿಲ್ಲ. ಹೀಗೆ ತೆಗೆಯುತ್ತ ಹೋದರೆ ಕೊನೆಗುಳಿದ ಒಂದೇ ಕಾಳನ್ನೂ ರಾಶಿಯೆನ್ನಬೇಕು! ಸಾವಿರ ಭತ್ತದ ಕಾಳಿನ ತೂಕ ಸುಮಾರು ಹದಿನೈದು ಗ್ರಾಂ ಎಂದುಕೊಂಡರೂ ನಮ್ಮ ಕಡೆಯ ಎಪ್ಪತ್ತೈದು ಕಿಲೋದ ಒಂದು ಚೀಲದಲ್ಲಿ ಐವತ್ತು ಲಕ್ಷ ಕಾಳುಗಳಿರುತ್ತವೆ. ಗೌಡನ ರಾಶಿ ನೂರು ಚೀಲದ್ದಾದರೆ ಐವತ್ತು ಕೋಟಿ ಕಾಳು. ಆ ಐವತ್ತು ಕೋಟಿಯಲ್ಲಿ ಯಾವ ಕಾಳಿಗೆ ರಾಶಿ, ರಾಶಿಯಲ್ಲದ್ದಾಗುತ್ತದೆ? ಝೀನೋನನ್ನು ಗೆದ್ದ ನನ್ನ ಗಣಿತ ಇಲ್ಲಿ ಕೈಕಟ್ಟಿ ನಿಲ್ಲುತ್ತದೆ. 1965ರಲ್ಲಿ ಲಾತ್ಫಿ ಝಾದೆ ಎಂಬ ವಿಜ್ಞಾನಿ, ಅರ್ಧ ರಾಶಿ, ಮುಕ್ಕಾಲು ರಾಶಿ ಎಂದು ಪ್ರಮಾಣ ಹೇಳಬಹುದಾದ ಮಸುಕು ಗಣಗಳ ಗಣಿತವನ್ನೇನೋ ಕಟ್ಟಿದ; ಆದರೆ 'ಮುಕ್ಕಾಲು ರಾಶಿ' ಯಾವ ಕಾಳಿಗೆ ಆರಂಭವೆಂದು ಕೇಳಿದರೆ ಒಗಟು ಮತ್ತೆ ಹೆಗಲೇರುತ್ತದೆ, ಬೇತಾಳನಂತೆ. ಗೆರೆ ಎಲ್ಲೋ ಇದ್ದೇ ಇದೆ, ಅದನ್ನು ಅರಿಯುವುದು ನಮ್ಮಿಂದಾಗದು ಎಂದು ವಾದಿಸಿದವರೂ ಇದ್ದಾರೆ. ತಿಮೋತಿ ವಿಲಿಯಮ್ಸನ್ 1994ರಲ್ಲಿ ಈ ವಾದಕ್ಕೆ ಒಂದು ಗ್ರಂಥವನ್ನೇ ಮೀಸಲಿಟ್ಟರು.

ಗೌಡ ಗ್ಲಾಸು ಕೆಳಗಿಟ್ಟ. "ಲೇ ಮಾಸ್ತರ, ಈ ಒಗಟು ನಮಗ ಹೊಸದಲ್ಲ. 'ಒಂದು ಕಿಲೋ ಹೋದ್ರ ಏನಾತು ಗೌಡ್ರೇ' ಅಂತ ತೇವಾಂಶದ ಹೆಸರಿನಾಗ ಚೀಲಕ್ಕ ಒಂದು ಕಿಲೋ ಮುರೀತಾರ. ಒಂದು ಕಿಲೋದಾಗ ಯಾರೂ ಬಡವ ಆಗಂಗಿಲ್ಲ. ಹಂಗ ಅಂತಂತ ಮೂವತ್ತು ವರ್ಷ ಆತು" ಎಂದ. ಯಾರೂ ನಗಲಿಲ್ಲ.

ಕಂಡಕ್ಟರ್ ಮಾವ ತಮ್ಮ ಅನುಭವ ಹೇಳಿದರು. "ಹನ್ನೆರಡು ದಾಟಿದರೆ ಫುಲ್ ಟಿಕೆಟ್. ಹನ್ನೆರಡಕ್ಕ ಒಂದು ದಿನ ಹೆಚ್ಚಾದ ಹುಡುಗಗ ರಾತ್ರೋರಾತ್ರಿ ಏನು ಕೊಂಬು ಬರ್ತಾವ? ಆದ್ರ ಗೆರಿ ಇಲ್ಲದ ಬಸ್ಸು ಓಡಂಗಿಲ್ರಿ. ನಾನು ಫುಲ್ ಟಿಕೆಟ್ಟೇ ಹರೀತಿದ್ದೆ. ಆ ತಾಯಿ ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸಿದಾಗ ಕಮ್ಮಿ ಬಿದ್ರ, ಅಷ್ಟು ನನ್ನ ಕಿಸೆದಿಂದ ಹಾಕ್ತಿದ್ದೆ. ನಡುದಾರಿಯಾಗ ಯಾರನ್ನೂ ಇಳಿಸಿಲ್ಲ." ಈ ಮಾತಿನ ತೂಕ ನನಗೆ ಆ ಕ್ಷಣಕ್ಕೆ ತಿಳಿಯಲಿಲ್ಲ.

ಅಷ್ಟರಲ್ಲಿ ತಕ್ಕಡಿಯ ಪಕ್ಕದಲ್ಲಿದ್ದ ಹಮಾಲರ ಮುಖಂಡ ಎಣಿಕೆ ಆರಂಭಿಸಿದ್ದ. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲನೆಯದನ್ನು 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ: ಲಾಭ, ಎರಡು, ಮೂರು... ಎಣಿಸುತ್ತಲೇ ಅವನು ನಮ್ಮ ಚರ್ಚೆಯನ್ನೂ ಕೇಳಿಸಿಕೊಂಡಿರಬೇಕು. ನೀರು ಕುಡಿಯಲು ಬಂದವನು, "ರಾಶಿ ಯಾವಾಗ ಮುಗೀತದ ಅಂತ ಕೇಳಿದ್ರಲ್ಲ ಸಾರ್, ಅದು ನಮಗ ಗೊತ್ತೈತಿ" ಎಂದ.

"ಯಾವಾಗಪ್ಪಾ?"

"ಸಲಿಕಿ ಬಿಟ್ಟು ಕಸಬರಿಗಿ ಹಿಡಿದಾಗ ಸಾರ್."

ನಾಲ್ವರೂ ಸುಮ್ಮನಾದೆವು. ಸಲಿಕೆಗೆ ಸಿಗುವವರೆಗೆ ರಾಶಿ. ಗುಡಿಸಿ ಕೂಡಿಸಬೇಕಾದಾಗ ಅದು ರಾಶಿಯಲ್ಲ, ಉಳಿದ ಕಾಳು. ಗೆರೆ ಕಾಳಿನ ಎಣಿಕೆಯಲ್ಲಿಲ್ಲ, ನಾವು ಅದರೊಡನೆ ಮಾಡುವ ಕೆಲಸದಲ್ಲಿದೆ. ಗೌಡ ಅಣೆಕಟ್ಟಿನ ಬಗ್ಗೆ ಹೇಳಿದ್ದೂ ಇದನ್ನೇ ಅಲ್ಲವೇ? ತಾರ್ಕಿಕರು ಇದಕ್ಕೂ ಆಕ್ಷೇಪ ಎತ್ತಬಹುದು: ಸಲಿಕೆ ಬಿಡುವ ಕ್ಷಣವೂ ಮಸುಕಾದದ್ದೇ ತಾನೆ ಎಂದು. ಒಪ್ಪೋಣ. ಆದರೆ ಆ ಮಸುಕಿನಿಂದ ಯಾವ ಹಮಾಲನ ಕೆಲಸವೂ ನಿಂತಿಲ್ಲ.

"ಎಲ್ಲಿ ಓದಿದೆಯಪ್ಪಾ?" ಎಂದು ಕೇಳಿದೆ, ಮೇಷ್ಟರ ಚಟ.

"ನಿಮ್ಮ ಹತ್ರಾನ ಸಾರ್. ಒಂಬತ್ತನೇ ಕ್ಲಾಸು. ಗಣಿತದಾಗ ಮೂವತ್ನಾಲ್ಕು."

ಮುಖ ನೆನಪಾಗಲಿಲ್ಲ, ಅಂಕ ನೆನಪಾಯಿತು. 1992ರ ವಾರ್ಷಿಕ ಪರೀಕ್ಷೆ. ನೂರಕ್ಕೆ ಮೂವತ್ತನಾಲ್ಕು, ಪಾಸಾಗಲು ಮೂವತ್ತೈದು ಬೇಕು. ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿದ್ದ. ಸಹೋದ್ಯೋಗಿಯೊಬ್ಬರು, "ಒಂದು ಅಂಕ ತಾನೆ, ಹಾಕಿಬಿಡಿ" ಎಂದಿದ್ದರು. ಅಂದು ನಾನು ಅಧ್ಯಾಪಕರ ಕೊಠಡಿಯಲ್ಲಿ ಹೇಳಿದ ಮಾತು ಇಂದಿಗೂ ಅಕ್ಷರಶಃ ನೆನಪಿದೆ: "ಇಂದು ಮೂವತ್ತನಾಲ್ಕಕ್ಕೆ ಒಂದು ಕೊಟ್ಟರೆ ನಾಳೆ ಮೂವತ್ತಮೂರರವನು ಏನು ಪಾಪ ಮಾಡಿದ ಎನ್ನುತ್ತಾರೆ. ನಾಳಿದ್ದು ಮೂವತ್ತೆರಡು. ಹೀಗೇ ಹೋದರೆ ಸೊನ್ನೆ ತೆಗೆದವನೂ ಪಾಸಾಗಬೇಕು." ಯೂಬ್ಯುಲೈಡಿಸನ ಹೆಸರನ್ನು ಕೇಳುವ ಎಷ್ಟೋ ವರ್ಷ ಮೊದಲೇ ನಾನು ಅವನ ವಾದವನ್ನು ಹದಿನೈದು ವರ್ಷದ ಹುಡುಗನೊಬ್ಬನ ಮೇಲೆ ಪ್ರಯೋಗಿಸಿಬಿಟ್ಟಿದ್ದೆ. ಆ ದಿನ ನನಗೆ ನನ್ನ ತರ್ಕದ ಬಗ್ಗೆ ಹೆಮ್ಮೆಯೂ ಆಗಿತ್ತು. ಹುಡುಗ ಜೂನ್ ತಿಂಗಳಲ್ಲಿ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಲವು ವಾರ ಗೈರುಹಾಜರಿ ಹಾಕಿ, ಆಮೇಲೆ ಹೆಸರನ್ನೇ ಹೊಡೆದುಹಾಕಿದೆ.

ಎದುರಿಗೆ ನಿಂತವನಿಗೆ ಈಗ ನಲವತ್ತೆಂಟು. ಕೂದಲು ನರೆತಿದೆ, ಹೆಗಲ ಮೇಲೆ ಚೀಲದ ಧೂಳು. "ಆ ಒಂದು ಅಂಕ ಕೊಟ್ಟಿದ್ದರೆ ನೀನು..." ಎಂದು ಆರಂಭಿಸಿದ ನನ್ನ ಮಾತು ಗಂಟಲಲ್ಲೇ ನಿಂತಿತು. ಅವನೇ ಪೂರೈಸಿದ:

"ಅದು ಹೇಳಾಕ ಬರಂಗಿಲ್ಲ ಸಾರ್. ಮಾರ್ಕು ನಾನು ತೊಗೊಂಡಿದ್ದು ಮೂವತ್ನಾಲ್ಕ, ನೀವು ಬರದಿದ್ದೂ ಮೂವತ್ನಾಲ್ಕ. ಅದಕ್ಕ ನನಗ ಸಿಟ್ಟಿಲ್ಲ. ಆದ್ರ ನಮ್ಮಪ್ಪಗ ಫೇಲು ಅಂದ್ರ ಫೇಲು. ಮೂವತ್ನಾಲ್ಕಕ್ಕೂ ನಾಲ್ಕಕ್ಕೂ ಫರಕು ಅವನಿಗೆ ತಿಳೀತಿದ್ದಿಲ್ಲ. ನೀವು ಒಂದ್ಸಲ ಮನಿಗೆ ಬಂದು, 'ಹುಡುಗ ದಡ್ಡ ಅಲ್ಲ, ಒಂದ ಮಾರ್ಕು ಕಮ್ಮಿ, ಇನ್ನೊಂದು ವರ್ಷ ಕಳಸ್ರಿ' ಅಂದಿದ್ರ ಕಳಸ್ತಿದ್ದ ಅನಸ್ತದ. ನಮ್ಮನಿ ಸಾಲಿ ಹಿಂದಿನ ಓಣಿಯಾಗ ಇತ್ತು ಸಾರ್."

ಅವನ ದನಿಯಲ್ಲಿ ಆಪಾದನೆಯಿರಲಿಲ್ಲ. ತೂಕದವನು ತೂಕ ಹೇಳಿದಂತೆ ಹೇಳಿದ. ಶಾಲೆಯಿಂದ ಅವನ ಮನೆಗೆ ಹೆಚ್ಚೆಂದರೆ ಇನ್ನೂರು ಹೆಜ್ಜೆ. ಝೀನೋನ ಅನಂತ ಅರ್ಧಗಳನ್ನು ಕೂಡಿಸಿ ಒಂದು ಮಾಡಬಲ್ಲ ಮೇಷ್ಟರಿಗೆ ಆ ಇನ್ನೂರು ಹೆಜ್ಜೆ ದಾಟುವುದಾಗಲಿಲ್ಲ.

ಅಂದು ನನ್ನ ಗ್ಲಾಸು ಹಾಗೆಯೇ ಉಳಿಯಿತು. ರಾತ್ರಿ ನಿದ್ದೆ ಬರದೆ ಬಹಳ ಹೊತ್ತು ಯೋಚಿಸಿದೆ. ಗೆರೆ ಎಳೆದದ್ದು ತಪ್ಪೇ? ಇಂದಿಗೂ ನನಗೆ ಹಾಗನ್ನಿಸುವುದಿಲ್ಲ. ಮೂವತ್ತೈದೆಂಬುದಕ್ಕೆ ಪ್ರಕೃತಿಯಲ್ಲಿ ಯಾವ ಆಧಾರವೂ ಇಲ್ಲ. ಮೂವತ್ತನಾಲ್ಕು ತೆಗೆದವನಿಗೆ ಬಾರದ ಯಾವ ಗಣಿತವೂ ಮೂವತ್ತೈದರವನಿಗೆ ಬರುವುದಿಲ್ಲ. ಆದರೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಯೂಬ್ಯುಲೈಡಿಸ್ ಕಲಿಸುವುದು ಅಷ್ಟನ್ನು: ಗೆರೆ ನಾವು ಎಳೆದದ್ದು, ಅದು ಮೊದಲೇ ಅಲ್ಲಿರಲಿಲ್ಲ. ನನ್ನ ತಪ್ಪು ಅದರ ನಂತರದ್ದು. ನಾನೇ ಎಳೆದ ಗೆರೆಯನ್ನು ದೇವರು ಎಳೆದದ್ದೆಂಬಂತೆ ನಂಬಿ, ಅದರ ಆಚೆಗೆ ಬಿದ್ದವನ ಮಟ್ಟಿಗೆ ನನ್ನ ಹೊಣೆ ಮುಗಿಯಿತೆಂದು ತಿಳಿದೆ. ಕಂಡಕ್ಟರ್ ಮಾವ ಫುಲ್ ಟಿಕೆಟ್ ಹರಿದರು, ಜತೆಗೆ ಕಿಸೆಗೂ ಕೈಹಾಕಿದರು. ನಿಯಮವೂ ಉಳಿಯಿತು, ತಾಯಿಯೂ ಊರು ಸೇರಿದಳು. ಬಿ.ಎಡ್. ಓದಿದ ನನಗೆ ತೋಚದ್ದು ಅವರಿಗೆ ತೋಚಿತ್ತು.

ಮರುದಿನ ಬೆಳಿಗ್ಗೆ ಲಾರಿ ತುಂಬುವ ಹೊತ್ತಿಗೆ ಮತ್ತೆ ಗೌಡನ ಹೊಲಕ್ಕೆ ಹೋದೆ. ಹೇಳಬೇಕಾದದ್ದನ್ನು ಹೇಳಿದೆ, ಮೂವತ್ತಮೂರು ವರ್ಷ ತಡವಾಗಿ. ಅವನಿಗೆ ಸಂಕೋಚವಾಯಿತು. "ಬಿಡ್ರಿ ಸಾರ್" ಎಂದು ಕಸಬರಿಗೆಯತ್ತ ತಿರುಗಿದ. ನಾನೂ ಒಂದು ಕಸಬರಿಗೆ ತೆಗೆದುಕೊಂಡೆ. ಅವನು ಬೇಡವೆಂದರೂ ಕೇಳಲಿಲ್ಲ. ಇಬ್ಬರೂ ತಾಡಪಾಲಿನ ಮೂಲೆಗಳಿಂದ ಉಳಿದ ಕಾಳನ್ನು ಗುಡಿಸಿ ಕೂಡಿಸಿದೆವು. ಆಗ ಕಂಡದ್ದನ್ನು ಹೇಳಿದರೆ ನೀವು ನಂಬಬೇಕು: ರಾಶಿಯಲ್ಲವೆಂದು ಸಲಿಕೆ ಬಿಟ್ಟಿದ್ದ ಕಾಳೆಲ್ಲ ಒಟ್ಟುಗೂಡಿ ಅರ್ಧ ಚೀಲಕ್ಕೂ ಮಿಕ್ಕಿತ್ತು. ಒಕ್ಕಲಿಗ ಅದನ್ನೆಂದೂ ಬಿಟ್ಟುಬರುವುದಿಲ್ಲ. ಸಲಿಕೆಯ ಕೆಲಸ ಮುಗಿದಲ್ಲಿ ಕಸಬರಿಗೆಯ ಕೆಲಸ ಆರಂಭವಾಗುತ್ತದೆ. ನಾನು ಮಾತ್ರ ಸಲಿಕೆಯನ್ನಷ್ಟೇ ಹಿಡಿದು ಮೂವತ್ತೆರಡು ವರ್ಷ ನೌಕರಿ ಮಾಡಿದೆ.

ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದ್ದೆ. "ಹೆಸರು ಬ್ಯಾಡ ಸಾರ್, ಮಾರ್ಕು ಬೇಕಾದ್ರ ಬರೀರಿ" ಎಂದು ನಕ್ಕ. ಹಾಗೆಯೇ ಮಾಡಿದ್ದೇನೆ.

ಈ ಸಾಲುಗಳನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳು ಬಹುಪಾಲು ಗೆರೆಯ ಈಚೆಗೆ ಬಂದವರು. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಅಧಿಕಾರಿಗಳು, ಬ್ಯಾಂಕಿನವರು. ಅಂದರೆ ಗೆರೆ ಎಳೆಯುವವರು. ಎಳೆಯಿರಿ, ಬೇಡವೆನ್ನುವುದಿಲ್ಲ. ಆದರೆ ಅದರ ಆಚೆ ಒಂದೇ ಕಾಳಿನಷ್ಟು ದೂರದಲ್ಲಿ ನಿಂತವನ ಮನೆ ಯಾವ ಓಣಿಯಲ್ಲಿದೆಯೆಂದು ಒಮ್ಮೆ ವಿಚಾರಿಸಿ. ಬಹುಶಃ ಇನ್ನೂರು ಹೆಜ್ಜೆಯೂ ಆಗಲಿಕ್ಕಿಲ್ಲ.

ಮನೆಯಾಕೆಗೆ ಈ ಬರಹವನ್ನು ಓದಿ ಹೇಳಿದೆ. ಕೊನೆಯವರೆಗೂ ಸುಮ್ಮನೆ ಕೇಳಿದಳು. ಆಮೇಲೆ, "ಅವನಿಗೆ ಮಕ್ಕಳೆಷ್ಟು? ಏನು ಓದುತ್ತಿದ್ದಾರೆ?" ಎಂದಳು. ನಾನು ಅದನ್ನು ಕೇಳಿರಲೇ ಇಲ್ಲ. ನಾಳೆ ಹೋಗಿ ಕೇಳಿಕೊಂಡು ಬರುತ್ತೇನೆ.